ಹರಕೆ, ಹಕ್ಕು ಮತ್ತು ಮಾನವತೆ: ಬಳ್ಳಾರಿ ಸೀಮೆಯಿಂದ ಒಂದು ವಿಚಾರ

ಭಾರತದ ಸಂವಿಧಾನಕ್ಕೆ 1976ರಲ್ಲಿ ಆದ 42ನೆಯ ತಿದ್ದುಪಡಿಯು ಪ್ರಸ್ತಾವನೆಯಲ್ಲಿ ಜಾತ್ಯತೀತ ಎಂಬ ವಿಶೇಷಣವನ್ನು ಸೇರಿಸಿದುದಷ್ಟೇ ಹೆಚ್ಚಾಗಿ ಚರ್ಚೆಗೆ ಬರುತ್ತದೆ. ಅದೇ ತಿದ್ದುಪಡಿ 51ಎ ವಿಧಿಯ ಮೂಲಕ ವೈಜ್ಞಾನಿಕ ಮನೋಭಾವ, ಮಾನವತಾವಾದ, ಜಿಜ್ಞಾಸೆ ಮತ್ತು ಸುಧಾರಣೆಯ ಪ್ರವೃತ್ತಿಗಳನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳಿದ್ದು ಅಷ್ಟಾಗಿ ಗಮನ ಸೆಳೆದಿಲ್ಲ. ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುವ 25ನೆಯ ವಿಧಿ ಇರುವುದು ಇದೇ ಗ್ರಂಥದಲ್ಲಿ. ಹೀಗೆ ಒಬ್ಬನೇ ಪ್ರಜೆ ಒಂದು ಕಡೆ ಭಕ್ತನಾಗಿರುವ ಹಕ್ಕನ್ನು, ಇನ್ನೊಂದು ಕಡೆ ಪ್ರಶ್ನೆ ಕೇಳುವ ಹೊಣೆಯನ್ನು ಒಟ್ಟಿಗೆ ಹೊತ್ತಿದ್ದಾನೆ. ಇವೆರಡೂ ಒಂದೇ ಮನೆಯಲ್ಲಿ, ಒಂದೇ ಊರಿನಲ್ಲಿ ಹೇಗೆ ಬಾಳುತ್ತವೆ ಎಂಬುದನ್ನು ತಿಳಿಯಬೇಕಾದರೆ ತತ್ತ್ವಗಳ ಹೋಲಿಕೆಗಿಂತ ಒಂದು ಸೀಮೆಯ ಅನುಭವವನ್ನು ಹತ್ತಿರದಿಂದ ನೋಡುವುದು ಹೆಚ್ಚು ಉಪಯುಕ್ತ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಬಯಲುಸೀಮೆ ಅಂಥ ನೋಟಕ್ಕೆ ತಕ್ಕ ನೆಲ.

ಲೌಕಿಕ ಮಾನವತಾವಾದ ಎಂದರೆ, ಮನುಷ್ಯನ ನೀತಿ, ಹೊಣೆ ಮತ್ತು ಘನತೆಗಳಿಗೆ ಪರಲೋಕದ ಅಪ್ಪಣೆ ಬೇಕಿಲ್ಲ, ವಿವೇಕ, ಅನುಕಂಪ ಮತ್ತು ಅನುಭವಗಳೇ ಅವಕ್ಕೆ ಸಾಕಷ್ಟು ಆಧಾರ ಎಂದು ಹೇಳುವ ವಿಚಾರಧಾರೆ. ಇಂಗ್ಲೆಂಡಿನಲ್ಲಿ 1851ರ ಸುಮಾರಿಗೆ ಜಾರ್ಜ್ ಜೇಕಬ್ ಹೋಲಿಯೋಕ್ ಈ ದಿಕ್ಕಿನ ಚಿಂತನೆಗೆ ಒಂದು ಹೆಸರು ಕೊಟ್ಟ; ಭಾರತದಲ್ಲಿ ಎಂ. ಎನ್. ರಾಯ್ ಮಾರ್ಕ್ಸ್‌ವಾದದಿಂದ ಹೊರಬಂದು 1947ರಲ್ಲಿ ನವ ಮಾನವತಾವಾದದ ಪ್ರಣಾಳಿಕೆಯನ್ನು ಪ್ರಕಟಿಸಿದರು. ಬಳ್ಳಾರಿಯ ನೆರೆಯ ತೆಲುಗು ನಾಡಿನಲ್ಲಿ ಗೋರಾ ಅವರ ನಾಸ್ತಿಕ ಕೇಂದ್ರ ವಿಜಯವಾಡದಲ್ಲಿ ನೆಲೆಯೂರಿತು. ಈ ಧಾರೆಗಳ ನಡುವಿನ ವ್ಯತ್ಯಾಸಗಳೇನೇ ಇರಲಿ, ಜನಸಾಮಾನ್ಯರ ಮಟ್ಟಿಗೆ ಇವು ಒಂದೇ ಪ್ರಶ್ನೆಯಾಗಿ ತಲುಪಿದವು: ದೇವರಿದ್ದಾನೆಯೇ, ಇಲ್ಲವೇ? ಧರ್ಮದ ಪರ ನಿಂತವರೂ ಅದೇ ಪ್ರಶ್ನೆಗೆ ಉತ್ತರ ಕೊಡಲು ಹೊರಟರು. ವಾದ ಬಿಸಿಯೇರಿದಷ್ಟೂ ಎರಡೂ ಕಡೆಯವರಿಗೆ ಸಂತೋಷವಾಯಿತು, ಆದರೆ ಹರಕೆ ಹೊತ್ತವರ ಬದುಕಿನಲ್ಲಿ ಏನೂ ಕದಲಲಿಲ್ಲ.

ಬಳ್ಳಾರಿ ಸೀಮೆಯಲ್ಲಿ ಧರ್ಮ ಒಂದು ದಂಡೆ, ಲೌಕಿಕತೆ ಇನ್ನೊಂದು ದಂಡೆ ಎಂಬ ಚಿತ್ರ ಎಂದೂ ಸರಿಹೊಂದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಲ್ಲಕುಂದೆ ನಾಡನ್ನು ಆಳಿದ ಸಿಂದರು ರಾಜಧಾನಿಯಾಗಿಸಿಕೊಂಡ ಕುರುಗೋಡಿನಲ್ಲಿ ಶೈವ ದೇಗುಲಗಳ ಸಾಲೇ ಇದೆ. ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರು ಸ್ಥಾವರಪೂಜೆಯನ್ನೂ ಕುಲದ ಹಮ್ಮನ್ನೂ ಕಟುವಾಗಿ ಪ್ರಶ್ನಿಸಿದರು. ಕಲ್ಲಿನ ದೇವರನ್ನು ಅಣಕಿಸಿದ ಆ ಚಳವಳಿಯ ನಾಯಕ ಬಸವಣ್ಣನ ಹೆಸರನ್ನೇ ಹೊತ್ತ ದೊಡ್ಡಬಸವೇಶ್ವರ ಇಂದು ಕುರುಗೋಡಿನಲ್ಲಿ ಒಂದೇ ಬಂಡೆಯ ಬೃಹತ್ ನಂದಿಯಾಗಿ ಪೂಜೆಗೊಳ್ಳುತ್ತಿದ್ದಾನೆ, ಅವನ ತೇರನ್ನು ಸುತ್ತಲ ಹಳ್ಳಿಗಳ ಜನ ಎಳೆಯುತ್ತಾರೆ. ಇದನ್ನು ವಿಪರ್ಯಾಸ ಎಂದು ಕೈಬಿಡುವುದು ಸುಲಭ. ಧರ್ಮವೆಂಬುದು ತನ್ನ ಟೀಕಾಕಾರನನ್ನೂ ಒಳಗೆಳೆದುಕೊಂಡು ಉಳಿಯುವ ಬಗೆ ಇದು ಎಂದರೆ ವಿಷಯಕ್ಕೆ ಇನ್ನೂ ಹತ್ತಿರ ಹೋದಂತೆ.

ಲೌಕಿಕ ವಿದ್ಯೆ ಈ ಸೀಮೆಗೆ ಬಂದದ್ದೂ ಧರ್ಮದ ಬಾಗಿಲಿನಿಂದಲೇ. ಲಂಡನ್ ಮಿಷನ್ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲಿನ ಅನುವಾದಕ್ಕೆ ತೊಡಗಿದ. ಊರಿನಲ್ಲಿ ಮುದ್ರಣಾಲಯವಾಯಿತು, ಹತ್ತೊಂಬತ್ತನೆಯ ಶತಮಾನದ ನಡುವೆ ವಾರ್ಡ್ಲಾ ಶಾಲೆಯಾಯಿತು. 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ ಮುಂದೆ 1945ರಲ್ಲಿ ಕಾಲೇಜನ್ನೂ, ಆಮೇಲೆ ಇಂಜಿನಿಯರಿಂಗ್ ಶಿಕ್ಷಣವನ್ನೂ ಈ ಜಿಲ್ಲೆಗೆ ತಂದಿತು. ಡಾರ್ವಿನ್ನನ ವಿಕಾಸವಾದವನ್ನೂ ನ್ಯೂಟನ್ನನ ಚಲನನಿಯಮಗಳನ್ನೂ ಇಲ್ಲಿಯ ಮೂರು ನಾಲ್ಕು ತಲೆಮಾರು ಓದಿದ್ದು, ಹೆಸರಿನಲ್ಲೇ ಧರ್ಮವನ್ನು ಹೊತ್ತ ಸಂಸ್ಥೆಗಳ ತರಗತಿಗಳಲ್ಲಿ.

ಸರ್ಕಾರ ದೇವಸ್ಥಾನದ ಒಳಗೆ ಕಾಲಿಟ್ಟದ್ದರ ಕಥೆಯೂ ಹೀಗೆಯೇ ಅಂಕುಡೊಂಕು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಕಂಪನಿ ಸರ್ಕಾರ 1817ರ 7ನೆಯ ರೆಗ್ಯುಲೇಶನ್ ಮೂಲಕ ದೇವಸ್ಥಾನಗಳ ದತ್ತಿಗಳ ಮೇಲ್ವಿಚಾರಣೆಯನ್ನು ಕಂದಾಯ ಮಂಡಳಿಗೆ ಒಪ್ಪಿಸಿತು. ಮುಂದೆ ಬ್ರಿಟಿಷ್ ಆಡಳಿತ ಆ ಹೊಣೆಯಿಂದ ಕ್ರಮೇಣ ಹಿಂದೆ ಸರಿದು 1863ರ ಕಾಯ್ದೆಯಿಂದ ಪೂರ್ತಿ ಕೈತೊಳೆದುಕೊಂಡಿತು. ಹಿಂದೆ ಸರಿಯಲು ಕಾರಣವಾದದ್ದು ರಾಜ್ಯ ಮತ್ತು ಧರ್ಮ ಬೇರೆಯಾಗಿರಬೇಕೆಂಬ ಲೌಕಿಕ ತತ್ತ್ವಕ್ಕಿಂತ ಹೆಚ್ಚಾಗಿ, ಕ್ರೈಸ್ತ ಸರ್ಕಾರವೊಂದು ವಿಗ್ರಹಾರಾಧನೆಯ ಲೆಕ್ಕಪತ್ರ ನೋಡಬಾರದೆಂಬ ಮಿಷನರಿಗಳ ಒತ್ತಡ. 1920ರ ದಶಕದಲ್ಲಿ ದೇಶೀಯ ಮಂತ್ರಿಗಳಿದ್ದ ಮದರಾಸು ಸರ್ಕಾರವೇ ಹಿಂದೂ ಧಾರ್ಮಿಕ ದತ್ತಿಗಳ ಕಾಯ್ದೆ ತಂದು ಮತ್ತೆ ಒಳಗೆ ಬಂದಿತು. ಹೀಗಾಗಿ ರಾಜ್ಯ ದೂರ ಸರಿದದ್ದು ಧಾರ್ಮಿಕ ಕಾರಣಕ್ಕೆ, ಹತ್ತಿರ ಬಂದದ್ದು ಲೌಕಿಕ ಕಾರಣಕ್ಕೆ ಎಂಬ ತಲೆಕೆಳಗಾದ ಚರಿತ್ರೆ ಇಲ್ಲಿಯದು.

ಆದರೆ ಲೌಕಿಕ ಮಾನವತಾವಾದವೂ ಧರ್ಮವೂ ನಿಜವಾಗಿ ಮುಖಾಮುಖಿಯಾದದ್ದು ಹುಂಡಿಯ ಲೆಕ್ಕದಲ್ಲಲ್ಲ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿ ಈ ಪದ್ಧತಿಗೆ ಒಂದು ವಿಶಿಷ್ಟ ರೂಪವಿತ್ತು. ಮದರಾಸಿನ ಪೊಲೀಸ್ ಅಧಿಕಾರಿಯಾಗಿದ್ದ ಫಾಸೆಟ್ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿಯ ಬಸವಿಯರ, ಅಂದರೆ ಹೀಗೆ ದೇವರಿಗೆ ಬಿಟ್ಟ ಹೆಣ್ಣುಮಕ್ಕಳ, ಕುರಿತು ಬರೆದ ಪ್ರಬಂಧ, 1904ರ ಬಳ್ಳಾರಿ ಗ್ಯಾಝೆಟಿಯರ್, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಸಂಪುಟಗಳು ಇದನ್ನು ದಾಖಲಿಸಿವೆ. ಗಂಡುಮಕ್ಕಳಿಲ್ಲದ ಮನೆಯವರು, ಅಥವಾ ಕಾಯಿಲೆ ಕಷ್ಟಗಳಲ್ಲಿ ಹರಕೆ ಹೊತ್ತವರು, ಒಬ್ಬ ಮಗಳನ್ನು ದೇವರ ಹೆಸರಿಗೆ ಬಿಡುತ್ತಿದ್ದರು. ಬೇಡ ಸಮುದಾಯದ ವಿಧಿಯ ವರ್ಣನೆಯಲ್ಲಿ ಹುಡುಗಿಯ ಬಲಗಡೆ, ಮದುವೆಯಲ್ಲಿ ವರ ಕೂರುವ ಜಾಗದಲ್ಲಿ, ತುದಿಗೆ ನಿಂಬೆಹಣ್ಣು ಚುಚ್ಚಿದ ಕತ್ತಿಯೊಂದನ್ನು ನೆಟ್ಟಗೆ ಹಿಡಿದಿರುತ್ತಾರೆ. ಕಳಸ ಮತ್ತು ದೀಪವಿರುವ ತಟ್ಟೆಯನ್ನು ಅವಳ ಮುಂದೆ ಮೂರು ಸಲ ಎತ್ತುತ್ತಾರೆ. ಬಳಿಕ ಅವಳು ಕತ್ತಿಯನ್ನು ಬಲಗೈಯಲ್ಲಿ ಹಿಡಿದು ನಡೆದು ದೇವರ ಸನ್ನಿಧಿಯಲ್ಲಿಡುತ್ತಾಳೆ. ಅಲ್ಲಿಗೆ ಅವಳಿಗೆ ಮನುಷ್ಯ ಗಂಡನಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಕ್ರೌರ್ಯದ ಚಿತ್ರ ಮಾತ್ರ. ಆದರೆ ಅದೇ ದಾಖಲೆಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ: ಬಸವಿಯಾದ ಮಗಳು ತವರನ್ನು ಬಿಟ್ಟು ಹೋಗಬೇಕಿಲ್ಲ, ಮಗನಂತೆ ತಂದೆಯ ಆಸ್ತಿಗೆ ವಾರಸುದಾರಳಾಗುತ್ತಾಳೆ, ತಂದೆತಾಯಿಯ ಉತ್ತರಕ್ರಿಯೆ ನಡೆಸುತ್ತಾಳೆ, ಅವಳಿಗೆ ಹುಟ್ಟಿದ ಮಕ್ಕಳು ಅವಳ ತಂದೆಯ ಮನೆತನದ ಹೆಸರನ್ನೇ ಹೊರುತ್ತಾರೆ, ಜಾತಿಯಲ್ಲಿ ಅವರಿಗೆ ಕೊರತೆಯಿಲ್ಲ. ಮದುವೆಯಾಗಿ ಹೋದ ಅವಳ ಅಕ್ಕತಂಗಿಯರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಮಗನಿಲ್ಲದ ಮುದುಕರನ್ನು ನೋಡುವವರು ಯಾರು, ಹೊಲ ಯಾರ ಪಾಲಾಗಬೇಕು, ಸತ್ತಾಗ ನೀರು ಬಿಡುವವರು ಯಾರು ಎಂಬ ಅಪ್ಪಟ ಲೌಕಿಕ ಸಮಸ್ಯೆಗೆ ಧರ್ಮ ಕಂಡುಕೊಂಡಿದ್ದ ಉತ್ತರ ಇದು. ಮಗಳಿಗೆ ಮಗನ ಹಕ್ಕು ಕೊಡಲು ಸಮಾಜ ಒಪ್ಪದಿದ್ದಾಗ ದೇವರ ಹೆಸರು ಆ ಹಕ್ಕಿಗೆ ದಾರಿ ಮಾಡಿತು, ಮತ್ತು ಅದಕ್ಕೆ ತೆರಬೇಕಾದ ಬೆಲೆಯಾಗಿ ಹುಡುಗಿಯ ಇಡೀ ಬದುಕನ್ನು, ಅವಳಿಗೆ ಬುದ್ಧಿ ತಿಳಿಯುವ ಮೊದಲೇ, ಅವಳನ್ನು ಕೇಳದೆ ತೆಗೆದುಕೊಂಡಿತು. ಹೊಲವಿದ್ದ ಮನೆಗಳಲ್ಲಿ ಈ ಲೇವಾದೇವಿಗೆ ಎರಡು ಮುಖಗಳಿದ್ದವು. ಹೊಲವೇ ಇಲ್ಲದ ಹೊಲೆಯ ಮಾದಿಗರ ಮನೆಗಳಲ್ಲಿ, ವಾರಸುದಾರಿಕೆಗೆ ಏನೂ ಇಲ್ಲದಲ್ಲಿ, ಬೆಲೆಯಷ್ಟೇ ಉಳಿಯಿತು; ಹುಲಿಗಿಯ ಹುಲಿಗೆಮ್ಮ, ಸವದತ್ತಿಯ ಎಲ್ಲಮ್ಮ, ಉಚ್ಚಂಗಿಯ ಎಲ್ಲಮ್ಮರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ಕೊರಳಿಗೆ ಮುತ್ತಿನ ಸರ ಕಟ್ಟಿಸಿಕೊಂಡು ದೇವದಾಸಿಯರಾದ, ದಲಿತ ಹೆಣ್ಣುಮಕ್ಕಳ ದೇಹದ ಮೇಲೆ ಊರ ಉಳ್ಳವರ ಅಧಿಕಾರ ನಡೆಯಿತು.

ಕಾನೂನು ಇದನ್ನು ಎದುರಿಸಿದ ಕ್ರಮ ಗಮನಾರ್ಹ. ಸಮಾಜ ಸುಧಾರಕಿ ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ ಬಂದ 1947ರ ಮದರಾಸು ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ, ಆಗ ಮದರಾಸಿನಲ್ಲಿದ್ದ ಬಳ್ಳಾರಿಗೂ ಅನ್ವಯಿಸಿತು. ಕರ್ನಾಟಕ ತನ್ನದೇ ನಿಷೇಧ ಕಾಯ್ದೆಯನ್ನು 1982ರಲ್ಲಿ ಮಾಡಿತು. ಆದರೂ 1993–94ರ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು, 2007–08ರ ಸಮೀಕ್ಷೆ ಮತ್ತೆ 23,787 ಮಂದಿಯನ್ನು ಸೇರಿಸಿತು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬಳ್ಳಾರಿಯ ಪಾಲು ಸಣ್ಣದಲ್ಲ. ಮೂಢನಂಬಿಕೆ ಹೋಗಲಿಲ್ಲ ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ನಿಷೇಧ ಕಾಯ್ದೆಗಳು ವಿಧಿಯನ್ನು ಅಪರಾಧವೆಂದವು, ವಿಧಿಯ ಹಿಂದಿದ್ದ ಅಗತ್ಯಕ್ಕೆ ಬೇರೆ ಉತ್ತರ ಕೊಡಲಿಲ್ಲ. ಅಂಥ ಉತ್ತರ ಬಂದದ್ದು ದೇವರ ಹೆಸರನ್ನೇ ಎತ್ತದ ಕಾಯ್ದೆಗಳಿಂದ: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಹೆಣ್ಣುಮಕ್ಕಳನ್ನು ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಪಾಲುದಾರರನ್ನಾಗಿಸಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಅದೇ ತತ್ತ್ವವನ್ನು ದೇಶಕ್ಕೆಲ್ಲ ವಿಸ್ತರಿಸಿದ 2005ರ ತಿದ್ದುಪಡಿ. ಬಸವಿಗೆ ಮಾತ್ರ ಸಿಗುತ್ತಿದ್ದುದು ಈಗ ಯಾವ ಕತ್ತಿ, ಯಾವ ನಿಂಬೆಹಣ್ಣಿನ ಹಂಗೂ ಇಲ್ಲದೆ ಎಲ್ಲ ಹೆಣ್ಣುಮಕ್ಕಳಿಗೆ, ಕಾಗದದ ಮೇಲಾದರೂ, ಸಿಕ್ಕಿತು. ಲೌಕಿಕ ಮಾನವತಾವಾದ ತನ್ನ ಅತ್ಯುತ್ತಮ ಕೆಲಸ ಮಾಡಿದ್ದು ಇಂಥಲ್ಲಿ. ದೇವರನ್ನು ಅಲ್ಲಗಳೆಯುವ ಗೋಜಿಗೆ ಹೋಗದೆ, ದೇವರಿಗೆ ಹರಕೆ ಹೊರಬೇಕಾದ ಒಂದು ಕಾರಣವನ್ನು ಅದು ಕಡಿಮೆ ಮಾಡಿತು.

ಇದೇ ಸೀಮೆಯ ಇನ್ನೊಂದು ಹರಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ, ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ, ಮೊಹರಂ ಊರಹಬ್ಬ. ಜನರ ಬಾಯಲ್ಲಿ ಅದು ಅಲಾಯಿ ಹಬ್ಬ, ಪೀರಲ ಹಬ್ಬ. ಮಸೂತಿಯ ಮುಂದೆ ಅಲಾಯಿ ಕುಣಿ ತೋಡುತ್ತಾರೆ, ಹಸ್ತದ ಆಕಾರದ ಲೋಹದ ಪಂಜಾಗಳನ್ನು ಬಟ್ಟೆ ಹೂಗಳಿಂದ ಸಿಂಗರಿಸಿ ಕೂರಿಸುತ್ತಾರೆ, ಹರಕೆಯವರು ಸಕ್ಕರೆ ಓದಿಸುತ್ತಾರೆ, ಹುಲಿವೇಷ ಹಾಕುತ್ತಾರೆ, ಕತ್ತಲ ರಾತ್ರಿ ಕಳೆದು ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತಾರೆ. ಕರ್ಬಲಾದ ಚರಿತ್ರೆಯ ವಿವರ ಗೊತ್ತಿಲ್ಲದವರೂ ಹಸನ ಹುಸೇನರಿಗಾಗಿ ರಿವಾಯತ್ ಪದ ಹಾಡುತ್ತಾರೆ. ರಹಮತ್ ತರೀಕೆರೆ ಅವರಂಥ ವಿದ್ವಾಂಸರು ಕರ್ನಾಟಕದ ಮೊಹರಂ ಮತ್ತು ಸೂಫಿ ಪರಂಪರೆಗಳ ಬಗ್ಗೆ ಮಾಡಿದ ಕೆಲಸದಿಂದಾಗಿ ಈ ಹಬ್ಬದ ವ್ಯಾಪ್ತಿ ನಗರದ ಓದುಗರಿಗೂ ಪರಿಚಯವಾಗಿದೆ.

ಈ ಹಬ್ಬದಲ್ಲೂ ಮಕ್ಕಳ ಹೆಸರಿನಲ್ಲಿ ಹರಕೆಯಿದೆ. ಕಾಯಿಲೆ ಬಿದ್ದ ಮಗುವನ್ನು ಫಕೀರ ಮಾಡುವುದಾಗಿ ತಾಯಿ ಬೇಡಿಕೊಳ್ಳುತ್ತಾಳೆ. ಮಗುವಿನ ಕೊರಳಿಗೆ ಬಣ್ಣದ ಲಾಡಿ ಬೀಳುತ್ತದೆ, ಅವನು ಮನೆಮನೆಗೆ ಹೋಗಿ ಬೇಡುತ್ತಾನೆ. ಇಲ್ಲಿಯೂ ಮಗುವನ್ನು ಕೇಳಿದವರಿಲ್ಲ. ಆದರೆ ಹಬ್ಬ ಮುಗಿದಾಗ ಲಾಡಿ ಬಿಚ್ಚುತ್ತದೆ, ಹುಡುಗ ಮರುದಿನ ಶಾಲೆಗೆ ಹೋಗುತ್ತಾನೆ, ದೊಡ್ಡವನಾದ ಮೇಲೆ ನಂಬಿದರೆ ತಾನೇ ಫಕೀರನಾಗುತ್ತಾನೆ, ಇಲ್ಲದಿದ್ದರೆ ಇಲ್ಲ. ಮುತ್ತಿನ ಸರಕ್ಕೆ ಅಂಥ ಹತ್ತನೆಯ ದಿನವಿಲ್ಲ. ಎರಡೂ ಹರಕೆಗಳ ಶ್ರದ್ಧೆಯ ಮೂಲ ಒಂದೇ, ಭಯವೂ ಆಸೆಯೂ ಒಂದೇ. ದೇವರ ಅಸ್ತಿತ್ವದ ಪ್ರಶ್ನೆಯಿಂದ ನೋಡಿದರೆ ಎರಡೂ ಸಮಾನವಾಗಿ ನಿರಾಧಾರ ಅಥವಾ ಸಮಾನವಾಗಿ ಪವಿತ್ರ. ಅವುಗಳ ನಡುವಿನ ಭೂಮ್ಯಾಕಾಶಗಳ ಅಂತರ ಕಾಣಬೇಕಾದರೆ ಬೇರೊಂದು ಪ್ರಶ್ನೆ ಕೇಳಬೇಕು: ಒಂದು ಆಚರಣೆ ಯಾರನ್ನು ಕಟ್ಟುತ್ತದೆಯೋ ಅವರಿಗೆ ಬಿಡಿಸಿಕೊಂಡು ಬರುವ ದಾರಿ ಇದೆಯೇ? ಧರ್ಮವನ್ನು ಅಳೆಯಲು ಮಾನವತಾವಾದಕ್ಕೆ ಇದಕ್ಕಿಂತ ಸರಿಯಾದ ಅಳತೆಗೋಲು ಸಿಗಲಾರದು, ಮತ್ತು ಭಕ್ತನೊಬ್ಬ ತನ್ನ ಭಕ್ತಿ ಬಿಡದೆಯೇ ಈ ಅಳತೆಗೋಲನ್ನು ಒಪ್ಪಬಹುದು.

ಹಾಗೆಂದು ಅಲಾಯಿ ಹಬ್ಬವನ್ನು ಸೌಹಾರ್ದದ ಚಿತ್ರಪಟವಾಗಿ ಚೌಕಟ್ಟು ಹಾಕಿ ತೂಗುಹಾಕುವುದೂ ಸರಿಯಲ್ಲ. ಹಬ್ಬದ ಹಲಗೆ ಬಾರಿಸುವವರು ಬಹುಪಾಲು ಊರುಗಳಲ್ಲಿ ಮಾದಿಗರು. ಕಲೆಯೆಂದು ಒಲಿದು ಬಾರಿಸುವವರೂ ಇದ್ದಾರೆ, ಬಾರಿಸಲೊಲ್ಲೆವೆಂದರೆ ಊರು ಮುನಿಯುತ್ತದೆಂದು ಬಾರಿಸುವವರೂ ಇದ್ದಾರೆ. ಮತಗಳ ನಡುವಿನ ಗೋಡೆ ಬಿದ್ದಲ್ಲಿ ಜಾತಿಯ ಗೋಡೆಯೂ ಬಿದ್ದಿರಬೇಕೆಂದೇನಿಲ್ಲ.

ನ್ಯಾಯಾಲಯಗಳು ಮಾತ್ರ ಬೇರೆಯದೇ ಅಳತೆಗೋಲನ್ನು ಕೈಗೆತ್ತಿಕೊಂಡವು. ಉಡುಪಿಯ ಶಿರೂರು ಮಠಕ್ಕೂ ಮದರಾಸಿನ ಧಾರ್ಮಿಕ ದತ್ತಿ ಆಯುಕ್ತರಿಗೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪಿನಿಂದ ಅತ್ಯಗತ್ಯ ಆಚರಣೆಯ ತತ್ತ್ವ ಹುಟ್ಟಿತು. ಒಂದು ಆಚರಣೆ ಧರ್ಮದ ತಿರುಳಿಗೆ ಸೇರಿದ್ದೋ, ಅದಕ್ಕೆ ಅಂಟಿಕೊಂಡ ಲೌಕಿಕ ವ್ಯವಹಾರವೋ ಎಂದು ಬೇರ್ಪಡಿಸಿ, ತಿರುಳಿಗೆ ಮಾತ್ರ ಸಂವಿಧಾನದ ರಕ್ಷಣೆ ಕೊಡುವ ವಿಧಾನ ಅದು. ಆ ತೀರ್ಪು ತಿರುಳು ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದಿತ್ತು; ಬರಬರುತ್ತ ನ್ಯಾಯಾಧೀಶರೇ ಶಾಸ್ತ್ರಗ್ರಂಥಗಳನ್ನು ತಿರುವಿ ತೀರ್ಮಾನ ಹೇಳುವವರಾದರು. ಲೌಕಿಕ ರಾಜ್ಯದ ನ್ಯಾಯಪೀಠ ಧರ್ಮಪೀಠದ ಕೆಲಸಕ್ಕೆ ಕೂತದ್ದು ಹೀಗೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ಶಾಲೆ ಕಾಲೇಜುಗಳಲ್ಲಿ ಹಿಜಾಬ್ ಎಂಬ ತಲೆವಸ್ತ್ರ ಧರಿಸುವ ಪ್ರಕರಣದ ತೀರ್ಪು ಕೊಟ್ಟಾಗಲೂ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂಬುದೇ ತೀರ್ಪಿನ ಮುಖ್ಯ ಆಧಾರಗಳಲ್ಲಿ ಒಂದಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಬೇರೆಯಾಯಿತು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯ ಆಚರಣೆಯ ವಿಚಾರಣೆ ಇಲ್ಲಿ ಬೇಕಾಗಿರಲಿಲ್ಲ, ಇದು ಹುಡುಗಿಯ ಆಯ್ಕೆಯ ಪ್ರಶ್ನೆ ಎಂದರು. ಆ ಮಾತು ಬಸವಿಯ ಚರಿತ್ರೆಗೆ ನೇರವಾಗಿ ತಾಗುತ್ತದೆ. ಮುತ್ತು ಕಟ್ಟುವುದು ಶಾಸ್ತ್ರಸಮ್ಮತ ಎಂದು ಯಾರಾದರೂ ಸಾಧಿಸಿದ್ದರೂ ಅದು ಸಲ್ಲದು, ಏಕೆಂದರೆ ಮಗುವಿಗೆ ಬೇಡ ಎನ್ನುವ ಬಾಯಿರಲಿಲ್ಲ; ತಲೆವಸ್ತ್ರ ಶಾಸ್ತ್ರದಲ್ಲಿ ಕಡ್ಡಾಯವಲ್ಲ ಎಂದು ಸಾಧಿಸಿದರೂ ವಿಷಯ ಮುಗಿಯದು, ಏಕೆಂದರೆ ಅಲ್ಲಿ ಬೇಕು ಎಂದು ಹೇಳುವ ಬಾಯಿತ್ತು. ಮನೆಯ ಒತ್ತಾಯದಿಂದ ತಲೆ ಮುಚ್ಚಿಕೊಳ್ಳುವ ಹುಡುಗಿಯೂ ಇದ್ದಾಳೆಂಬುದು ನಿಜ, ಅವಳಿಗೆ ಶಾಲೆಯ ಬಾಗಿಲು ಮುಚ್ಚಿದರೆ ಬಿಡಿಸಿಕೊಳ್ಳುವ ದಾರಿಯೂ ಮುಚ್ಚಿದಂತೆ ಎಂಬುದೂ ಅಷ್ಟೇ ನಿಜ.

ಬಿಡಿಸಿಕೊಳ್ಳುವ ದಾರಿಯ ಈ ಪ್ರಶ್ನೆಗೆ ಕನ್ನಡದ ವಿಚಾರವಾದಿಗಳು ಎಷ್ಟು ಹತ್ತಿರ ಬಂದರು? ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ದೇಶದ ಗಮನ ಸೆಳೆದರು, ಎ. ಎನ್. ಮೂರ್ತಿರಾಯರು ‘ದೇವರು’ ಎಂಬ ಪುಸ್ತಕದಲ್ಲಿ ಅಪಾರ ಸೌಜನ್ಯದಿಂದ ನಿರೀಶ್ವರವಾದವನ್ನು ಮಂಡಿಸಿದರು. ಇಬ್ಬರ ನೈತಿಕ ಎತ್ತರ ಪ್ರಶ್ನಾತೀತ. ಆದರೆ ಅವರ ಬರಹ ಭಾಷಣಗಳು ತಲುಪಿದ್ದು ಹೆಚ್ಚಾಗಿ ಓದಿದವರನ್ನು, ಮತ್ತು ಓದಿದವರಿಗೂ ಮಗಳ ಮದುವೆ, ತಾಯಿಯ ಸಾವು ಎದುರಾದಾಗ ಕರೆಯಲು ಪುರೋಹಿತನೋ ಐನಾರನೋ ಖಾಜಿಯೋ ಬಿಟ್ಟು ಬೇರೆ ಯಾರೂ ಇರಲಿಲ್ಲ. ಈ ಕೊರತೆಯನ್ನು ಸರಿಯಾಗಿ ಕಂಡವರು ಕುವೆಂಪು. ಜಾತಕ, ಮುಹೂರ್ತ, ವರದಕ್ಷಿಣೆ, ಪುರೋಹಿತರನ್ನು ಕೈಬಿಟ್ಟು ಪ್ರಮಾಣವಚನಗಳಿಂದ ನಡೆಯುವ ಮಂತ್ರಮಾಂಗಲ್ಯವೆಂಬ ಸರಳ ವಿವಾಹವಿಧಿಯನ್ನು ಅವರು ರೂಪಿಸಿದರು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಹಾಗೆ ನಡೆಯಿತು, ಮುಂದೆ ರೈತ ಚಳವಳಿ ಅದನ್ನು ಹಳ್ಳಿಗಳಿಗೆ ಒಯ್ದಿತು. ಮಂತ್ರವನ್ನು ಬಿಟ್ಟುಬಿಡಿ ಎನ್ನದೆ, ದೊಡ್ಡ ಅರ್ಥದ ಮಂತ್ರವನ್ನು ಪುರೋಹಿತನ ಕೈಯಿಂದ ಬಿಡಿಸಿ ಮದುವೆಯಾಗುವವರ ಬಾಯಿಗೇ ಕೊಟ್ಟದ್ದು ಅದರ ವಿಶೇಷ. ಸಾವಿಗೆ, ಕಾಯಿಲೆಗೆ, ಹಬ್ಬಕ್ಕೆ ಅಂಥ ವಿಧಿಗಳು ಕನ್ನಡದ ಮಾನವತಾವಾದದಿಂದ ಮೂಡಲಿಲ್ಲ. ಅದರ ಸೋಲಿರುವುದು ವಾದದಲ್ಲಲ್ಲ, ಈ ಖಾಲಿಯಲ್ಲಿ.

ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ ಕೂಡ, ಏನನ್ನು ಮಾಡಬಾರದು ಎಂಬ ಪಟ್ಟಿಯೇ ಮುಖ್ಯವಾದ ಕಾಯ್ದೆ. ದೇವದಾಸಿಯರ ವಿಷಯದಲ್ಲಿ ಪಟ್ಟಿಯಿಂದಾಚೆಗೆ ಕೆಲಸವಾದದ್ದು, ಮುತ್ತು ಕಟ್ಟಿಸಿಕೊಂಡ ಮಹಿಳೆಯರೇ ವಿಮೋಚನಾ ಸಂಘ ಕಟ್ಟಿ ಮಾಸಾಶನ, ಭೂಮಿ, ಮಕ್ಕಳ ಶಿಕ್ಷಣಗಳಿಗಾಗಿ ಬೀದಿಗಿಳಿದ ಮೇಲೆ. ಅವರಲ್ಲಿ ಹುಲಿಗೆಮ್ಮನಿಗೆ ಕೈಮುಗಿಯುವುದನ್ನು ಬಿಟ್ಟವರೂ ಇದ್ದಾರೆ, ಬಿಡದವರೂ ಇದ್ದಾರೆ; ಬೇಡಿಕೆಪಟ್ಟಿಗೆ ಅದರಿಂದ ಯಾವ ವ್ಯತ್ಯಾಸವೂ ಆಗಿಲ್ಲ.

ಅವರ ಬೇಡಿಕೆಗಳಲ್ಲಿ ಒಂದು, ಅರ್ಜಿಗಳಲ್ಲಿ ತಂದೆಯ ಹೆಸರು ಕಡ್ಡಾಯವಾಗಬಾರದೆಂಬುದು, ಲೌಕಿಕ ವ್ಯವಸ್ಥೆಯ ಕಡೆಗೇ ಬೆರಳು ಮಾಡುತ್ತದೆ. ಬಸವಿಯ ಮಕ್ಕಳು ಅಜ್ಜನ ಮನೆತನದ ಹೆಸರು ಹೊತ್ತು ಊರಿನಲ್ಲಿ ಬಾಳುತ್ತಿದ್ದ ಕಾಲದಲ್ಲಿ, ತಂದೆ ಯಾರೆಂದು ಅವರನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಆ ಪ್ರಶ್ನೆಯನ್ನು ಮೊದಲ ಸಲ ಬರಹದಲ್ಲಿ, ಎಲ್ಲರ ಮುಂದೆ, ಮಗುವಿನ ಎದುರೇ ಕೇಳಿದ್ದು ಶಾಲೆಯ ದಾಖಲಾತಿ ಅರ್ಜಿ, ಜಾತಿ ಪ್ರಮಾಣಪತ್ರದ ನಮೂನೆ, ಕಚೇರಿಯ ಗುಮಾಸ್ತರ ಕಿಟಕಿ. ಧರ್ಮ ಆ ಮಗುವಿನ ತಾಯಿಯ ಬದುಕನ್ನು ತೆಗೆದುಕೊಂಡಿತ್ತು. ಮಗುವಿನ ಮಾನವನ್ನು ತೆಗೆದುಕೊಂಡದ್ದು ಧರ್ಮನಿರಪೇಕ್ಷವೆಂದು ಕರೆದುಕೊಳ್ಳುವ ಆಡಳಿತದ ಒಂದು ಖಾನೆ. ರಾಜ್ಯದ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕವು ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಕೊಡುವುದರ ಜೊತೆಗೆ, ಸರ್ಕಾರಿ ಅರ್ಜಿಗಳಲ್ಲಿ ಆ ಖಾನೆಯನ್ನು ತುಂಬಲೇಬೇಕೆಂಬ ಕಡ್ಡಾಯವನ್ನೂ ತೆಗೆಯಲು ಹೊರಟಿತು.